ಕರಗುವ ಬಿಂದು ಯಾರ ಗುಣ?

ಇಬ್ಬರೂ ರಸಾಯನಶಾಸ್ತ್ರ ಓದಿದವರು. ಅತ್ತೆ ಶಿರಸಿ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಕ್ಯಾಪಿಲರಿ ಕೊಳವೆಯೊಳಗಿನ ಹರಳು ಯಾವಾಗ ಕರಗುತ್ತದೆಂದು ಥರ್ಮಾಮೀಟರ್ ಪಕ್ಕ ಕಣ್ಣಿಟ್ಟು ಕಾದವರು. ಅವರ ಅಣ್ಣನ ಮಗ ಬೆಂಗಳೂರಿನಲ್ಲಿ ಔಷಧ ಸಂಶೋಧನೆಯ ಕೆಲಸದಲ್ಲಿದ್ದಾನೆ; ಅಣುವಿನ ಚಿತ್ರ ಕೊಟ್ಟರೆ ಅದರ ಗುಣಗಳನ್ನು ಮೊದಲೇ ಹೇಳುವಂಥ ಕಂಪ್ಯೂಟರ್ ಮಾದರಿಗಳನ್ನು ಕಟ್ಟುವವನು. ಬೇಸಿಗೆಯಲ್ಲಿ ಊರಿಗೆ ಬಂದಾಗ ಅಡುಗೆಮನೆಯ ಕಪಾಟಿನಲ್ಲಿದ್ದ ಮುರುಗಲ ತುಪ್ಪದ ಉಂಡೆಯನ್ನು ಕೈಗೆತ್ತಿಕೊಂಡು ಅವನು ಏನೋ ಒಂದು ಮಾತು ಅಂದ. ಅಲ್ಲಿಂದ ವಾದ ಶುರುವಾಯಿತು.

ಅಳಿಯ: ಅತ್ತೆ, ಈ ಸೆಕೆಯಲ್ಲಿ ತೆಂಗಿನೆಣ್ಣೆ ನೀರಾಗಿದೆ, ಮುರುಗಲ ತುಪ್ಪ ಮಾತ್ರ ಗಟ್ಟಿ ಉಂಡೆ. ಎರಡರ ಅಣುಗಳ ಚಿತ್ರವನ್ನು ಕಾಗದದ ಮೇಲೆ ಬರೆದುಕೊಟ್ಟರೆ ಸಾಕು, ಯಾವುದು ಮೊದಲು ಕರಗುತ್ತದೆ ಎಂದು ಮುಟ್ಟದೆಯೇ ಹೇಳಬಹುದು.

ಅತ್ತೆ: ಹೇಳು ನೋಡೋಣ, ಹೇಗೆ ಹೇಳುತ್ತೀ?

ಅಳಿಯ: ಕೊಬ್ಬಿನ ಅಣುವಿಗೆ ಮೂರು ಉದ್ದನೆಯ ಸರಪಳಿಗಳಿರುತ್ತವೆ. ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲದ ಸರಪಳಿಗಳು, ಹನ್ನೆರಡು ಇಂಗಾಲದವು. ಮುರುಗಲಿನಲ್ಲಿ ಹೆಚ್ಚಿನವು ಸ್ಟಿಯರಿಕ್, ಹದಿನೆಂಟು ಇಂಗಾಲದವು. ಲಾರಿಕ್ ಆಮ್ಲ 44 ಡಿಗ್ರಿಗೆ ಕರಗುತ್ತದೆ, ಸ್ಟಿಯರಿಕ್ 69ಕ್ಕೆ. ಸರಪಳಿ ಉದ್ದವಾದಷ್ಟೂ ಪಕ್ಕದ ಸರಪಳಿಗೆ ತಾಗುವ ಜಾಗ ಹೆಚ್ಚು, ಸೆಳೆತ ಹೆಚ್ಚು. ಬಿಡಿಸಲು ಹೆಚ್ಚು ಶಾಖ ಬೇಕು.

ಅತ್ತೆ: ಅರ್ಧ ಹೇಳಿದೆ. ತೆಂಗಿನೆಣ್ಣೆಯ ಸರಪಳಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಪರ್ಯಾಪ್ತ, ಅಂದರೆ ದ್ವಿಬಂಧವೇ ಇಲ್ಲದ ನೆಟ್ಟಗಿನ ಸರಪಳಿಗಳು. ಮುರುಗಲಿನಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಓಲೇಯಿಕ್. ಓಲೇಯಿಕ್ ಆಮ್ಲ 13 ಡಿಗ್ರಿಗೇ ಕರಗುವಂಥದ್ದು, ಮಲೆನಾಡಿನ ಚಳಿಗಾಲದಲ್ಲೂ ಎಣ್ಣೆಯಾಗಿಯೇ ಇರುತ್ತದೆ. ಅಷ್ಟೊಂದು ಓಲೇಯಿಕ್ ಸೇರಿಕೊಂಡ ಮೇಲೂ ಮುರುಗಲ ತುಪ್ಪ 40 ಡಿಗ್ರಿಯ ಆಸುಪಾಸಿನವರೆಗೆ ಗಟ್ಟಿಯಾಗಿರುವುದು ಯಾಕೆ? ತೆಂಗಿನೆಣ್ಣೆ 24–25ಕ್ಕೇ ಯಾಕೆ ಬಿಟ್ಟುಕೊಡುತ್ತದೆ?

ಅಳಿಯ: ಅದಕ್ಕೂ ಉತ್ತರ ಅಣುವಿನಲ್ಲೇ ಇದೆ. ಮುರುಗಲಿನಲ್ಲಿ ಓಲೇಯಿಕ್ ಎಲ್ಲೆಂದರಲ್ಲಿ ಕೂತಿಲ್ಲ. ಹೆಚ್ಚಿನ ಅಣುಗಳಲ್ಲಿ ನಡುವೆ ಒಂದು ಓಲೇಯಿಕ್, ಆಚೀಚೆ ಎರಡು ಸ್ಟಿಯರಿಕ್. ಮುಕ್ಕಾಲು ಪಾಲಿನಷ್ಟು ಅಣುಗಳು ಈ ಒಂದೇ ಬಗೆಯವು. ಎಲ್ಲ ಒಂದೇ ಆಕಾರವಾದ್ದರಿಂದ ಸಾಲಾಗಿ ಕೂರುತ್ತವೆ. ತೆಂಗಿನೆಣ್ಣೆಯಲ್ಲಿ ಎಂಟು, ಹತ್ತು, ಹನ್ನೆರಡು, ಹದಿನಾಲ್ಕು ಇಂಗಾಲದ ಸರಪಳಿಗಳು ಬೆರೆತಿವೆ.

ಅತ್ತೆ: ಈಗ ನೋಡು ತಮಾ, ನೀನು ಒಂದು ಅಣುವಿನ ಚಿತ್ರದಿಂದ ಶುರು ಮಾಡಿ, ಎರಡನೇ ಉತ್ತರಕ್ಕೇ ಗುಂಪಿಗೆ ಬಂದುಬಿಟ್ಟೆ. ‘ಎಲ್ಲ ಒಂದೇ ಆಕಾರ, ಸಾಲಾಗಿ ಕೂರುತ್ತವೆ’ ಎನ್ನುವುದು ಒಂದು ಅಣುವಿನ ವಿಷಯ ಅಲ್ಲ. ಕರಗುವ ಬಿಂದು ಹರಳಿನ ಗುಣ. ಒಂಟಿ ಅಣುವಿಗೆ ಅದು ಇರುವುದೇ ಇಲ್ಲ.

ಅಳಿಯ: ಗುಂಪು ಹೇಗೆ ಕೂರಬೇಕು ಎನ್ನುವುದನ್ನು ನಿರ್ಧರಿಸುವುದು ಆಕಾರ ತಾನೇ? ಸ್ಟಿಯರಿಕ್ ಮತ್ತು ಓಲೇಯಿಕ್ ಎರಡಕ್ಕೂ ಹದಿನೆಂಟೇ ಇಂಗಾಲ. ವ್ಯತ್ಯಾಸ ಒಂದು ದ್ವಿಬಂಧ. ಆ ದ್ವಿಬಂಧದ ಹತ್ತಿರ ಸರಪಳಿ ಒಂದೇ ಬದಿಗೆ ತಿರುಗುವುದರಿಂದ ನಡುವೆ ಬಾಗು ಬರುತ್ತದೆ. ನೆಟ್ಟಗಿನ ಸೌದೆಯನ್ನು ಒತ್ತಾಗಿ ಒಟ್ಟಬಹುದು, ಡೊಂಕು ಟೊಂಗೆಯನ್ನು ಒಟ್ಟಿದರೆ ನಡುವೆ ಸಂದು ಉಳಿಯುತ್ತದೆ. 69ರಿಂದ 13ಕ್ಕೆ ಇಳಿಯಿತು. ಅದೇ ದ್ವಿಬಂಧ, ಅದೇ ಜಾಗದಲ್ಲಿ, ಸರಪಳಿ ಎದುರು ಬದಿಗಳಿಗೆ ಹೋಗುವಂತೆ ತಿರುಗಿಸಿ: ಎಲೈಡಿಕ್ ಆಮ್ಲ. ಬಾಗು ಹೆಚ್ಚುಕಡಿಮೆ ಹೋಗುತ್ತದೆ, ಕರಗುವ ಬಿಂದು 45ಕ್ಕೆ ಏರುತ್ತದೆ. ಓಲೇಯಿಕ್‌ಗೆ ಇನ್ನೊಂದು ಬಾಗು ಸೇರಿಸಿದರೆ ಲಿನೋಲೇಯಿಕ್, ಅದು ಮೈನಸ್ 5. ಈ ನಾಲ್ಕನ್ನೂ ಚಿತ್ರ ನೋಡಿಯೇ ಸರಿಯಾದ ಕ್ರಮದಲ್ಲಿ ಇಡಬಹುದು, ಹರಳನ್ನು ನೋಡುವ ಅಗತ್ಯವೇ ಇಲ್ಲ.

ಅತ್ತೆ: ಇದು ಗಟ್ಟಿ ಉದಾಹರಣೆ, ಒಪ್ಪುತ್ತೇನೆ. ವನಸ್ಪತಿ ಮಾಡುವವರು ಇದನ್ನೇ ಬಳಸಿಕೊಂಡರು. ಎಣ್ಣೆಗೆ ನಿಕ್ಕಲ್ ಪುಡಿ ಹಾಕಿ ಹೈಡ್ರೋಜನ್ ಹಾಯಿಸಿದರೆ ಕೆಲವು ದ್ವಿಬಂಧ ಹೋಗುತ್ತವೆ, ಕೆಲವು ಉಳಿದರೂ ತಿರುಗಿ ನೆಟ್ಟಗಾಗುತ್ತವೆ. ಎಣ್ಣೆ ಡಬ್ಬಿಯೊಳಗೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಹಾಗೆ ನೆಟ್ಟಗಾದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು ಎಂದು ಗೊತ್ತಾಗಿ, 2022ರಿಂದ ನಮ್ಮ ದೇಶದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಅದು ನೂರಕ್ಕೆ 2ಕ್ಕಿಂತ ಹೆಚ್ಚು ಇರಬಾರದು ಎಂದು ಮಿತಿ ಹಾಕಿದರು. ಅಷ್ಟು ಸಣ್ಣ ತಿರುವು ಅಡುಗೆಮನೆಯಿಂದ ಆಸ್ಪತ್ರೆವರೆಗೆ ಹೋಗುತ್ತದೆ. ಆದರೆ ಉದ್ದ ಸರಪಳಿಗಳು ಸುಲಭದ ಗಿರಾಕಿಗಳು. ಚಿಕ್ಕ ಅಣುವಿಗೆ ಬಾ. ಮೀಥೇನ್, ಈಥೇನ್, ಪ್ರೋಪೇನ್. ಒಂದು, ಎರಡು, ಮೂರು ಇಂಗಾಲ. ಯಾವುದು ಎಲ್ಲಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಕರಗುತ್ತದೆ?

ಅಳಿಯ: ಉತ್ತರ ಗೊತ್ತಿದೆ, ಪ್ರೋಪೇನ್. ಮೈನಸ್ 188ರ ಹತ್ತಿರ. ಮೀಥೇನ್ ಮತ್ತು ಈಥೇನ್ ಮೈನಸ್ 183ರ ಹತ್ತಿರ.

ಅತ್ತೆ: ಗೊತ್ತಿದ್ದರಿಂದ ಹೇಳಿದೆ. ಗೊತ್ತಿಲ್ಲದಿದ್ದರೆ ನಿನ್ನ ಉದ್ದದ ನಿಯಮ ಮೀಥೇನ್ ಎನ್ನುತ್ತಿತ್ತು.

ಇಲ್ಲಿ ಅತ್ತೆ ಹಿಡಿದ ಎಳೆ ಹಳೆಯದು. 1877ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಎರಡು ತುದಿಯಲ್ಲೂ ಆಮ್ಲದ ಗುಂಪಿರುವ ಸರಪಳಿಗಳ ಕರಗುವ ಬಿಂದುಗಳನ್ನು ಸಾಲಾಗಿ ಇಟ್ಟು ನೋಡಿದರು. ಅವು ಮೆಟ್ಟಿಲಿನಂತೆ ಏರಲಿಲ್ಲ, ಮೇಲೆ-ಕೆಳಗೆ ಜಿಗಿದವು. ಮೂರು ಇಂಗಾಲದ ಮೆಲೋನಿಕ್ ಆಮ್ಲ 135, ನಾಲ್ಕರ ಸಕ್ಸಿನಿಕ್ 185ಕ್ಕೂ ಮೇಲೆ, ಐದರ ಗ್ಲುಟಾರಿಕ್ ಬರೀ 97, ಆರರ ಅಡಿಪಿಕ್ 152, ಏಳರ ಪಿಮೆಲಿಕ್ 105. ಸಮಸಂಖ್ಯೆ ಬಂದಾಗ ಮೇಲೆ, ಬೆಸಸಂಖ್ಯೆ ಬಂದಾಗ ಕೆಳಗೆ.

ಅಳಿಯ: ಬೇಯರ್ ಕಂಡದ್ದಕ್ಕೆ ಈಗ ವಿವರಣೆ ಇದೆಯಲ್ಲ ಅತ್ತೆ. ಜರ್ಮನಿಯ ಎಸ್ಸೆನ್‌ನಲ್ಲಿ ರೋಲಾಂಡ್ ಬೋಸೆ ಮತ್ತು ಸಂಗಡಿಗರು ಪ್ರೋಪೇನಿನಿಂದ ಶುರು ಮಾಡಿ ಈ ಚಿಕ್ಕ ಸರಪಳಿಗಳನ್ನೆಲ್ಲ ವಿಪರೀತ ತಣ್ಣಗೆ ಮಾಡಿ ಒಂದೊಂದೇ ಹರಳು ಬೆಳೆಸಿ ಎಕ್ಸ್-ಕಿರಣದಲ್ಲಿ ನೋಡಿದರು. 1999ರಲ್ಲಿ ಅದು ಪ್ರಕಟವಾಯಿತು. ಸಮಸಂಖ್ಯೆಯ ಸರಪಳಿಯಲ್ಲಿ ಎರಡು ತುದಿಗಳೂ ಸಮಾಂತರವಾಗಿ ಓರೆಯಾಗಿರುತ್ತವೆ, ಒಂದರ ತುದಿಗೆ ಇನ್ನೊಂದರ ತುದಿ ಸರಿಯಾಗಿ ಹೊಂದುತ್ತದೆ. ಬೆಸಸಂಖ್ಯೆಯಲ್ಲಿ ಎರಡೂ ತುದಿ ಒಂದೇ ಬದಿಗೆ ವಾಲುತ್ತವೆ, ಹೇಗೆ ಜೋಡಿಸಿದರೂ ಒಂದು ಕಡೆ ಸಂದು ಬೀಳುತ್ತದೆ. ಮರುವರ್ಷ ಆಮ್ಲಗಳದ್ದನ್ನೂ ವಿವರಿಸಿದರು: ಬೆಸಸಂಖ್ಯೆಯವು ಎರಡು ಕಡೆಯೂ ಕೈ ಹಿಡಿಯಬೇಕಾದರೆ ಮೈ ತಿರುಚಿಕೊಳ್ಳಬೇಕು. ಕಡೆಗೂ ಕಾರಣ ಅಣುವಿನ ಆಕಾರವೇ.

ಅತ್ತೆ: 1877ರಿಂದ 1999. ಎಷ್ಟು ವರ್ಷ ಆಯಿತು?

ಅಳಿಯ: ನೂರ ಇಪ್ಪತ್ತೆರಡು.

ಅತ್ತೆ: ಚಿತ್ರದಲ್ಲೇ ಉತ್ತರ ಇದ್ದಿದ್ದರೆ ಅಷ್ಟು ಕಾಲ ಬೇಕಾಗುತ್ತಿತ್ತೇ? ಆ ಅಣುಗಳ ಚಿತ್ರ ಬೇಯರ್ ಕಾಲದಲ್ಲೇ ಸರಿಯಾಗಿ ಬರೆಯುತ್ತಿದ್ದರು. ಬೇಕಾಗಿದ್ದದ್ದು ಹರಳು. ಹರಳನ್ನು ನೋಡಿದ ಮೇಲೆ ಎಲ್ಲರಿಗೂ ಆಕಾರ ಕಾಣಿಸಿತು.

ಅಳಿಯ: ಒಮ್ಮೆ ಕಂಡ ಮೇಲೆ ಅದು ನಿಯಮವಾಯಿತಲ್ಲ. ಮುಂದಿನ ಸರಪಳಿಗೆ ಹರಳು ಬೇಡ. ಇನ್ನೂ ಹಳೆಯ ನಿಯಮ ಒಂದಿದೆ, ನೀವೇ ಕಲಿಸಿದ್ದು. 1882ರಲ್ಲಿ ಥಾಮಸ್ ಕಾರ್ನೆಲಿ ಸಾವಿರಗಟ್ಟಲೆ ಸಂಯುಕ್ತಗಳ ಪಟ್ಟಿ ನೋಡಿ ಹೇಳಿದ್ದು: ಒಂದೇ ಅಣುಸೂತ್ರದ ಸಮಾಂಗಿಗಳಲ್ಲಿ ಸಮಮಿತಿ ಹೆಚ್ಚಿರುವುದು ಹೆಚ್ಚಿನ ಉಷ್ಣತೆಯಲ್ಲಿ ಕರಗುತ್ತದೆ. ಆಂಥ್ರಸೀನ್, ಫೆನಾಂಥ್ರೀನ್ ತೆಗೆದುಕೊಳ್ಳಿ. ಎರಡಕ್ಕೂ ಮೂರು ಉಂಗುರ, ಎರಡೂ ಸುಮಾರು 340 ಡಿಗ್ರಿಯಲ್ಲಿ ಕುದಿಯುತ್ತವೆ. ಮೂರು ಉಂಗುರ ನೆಟ್ಟಗೆ ಒಂದೇ ಸಾಲಲ್ಲಿರುವ ಆಂಥ್ರಸೀನ್ 216ಕ್ಕೆ ಕರಗುತ್ತದೆ, ಕೊನೆಯ ಉಂಗುರ ಪಕ್ಕಕ್ಕೆ ತಿರುಗಿದ ಫೆನಾಂಥ್ರೀನ್ 100ಕ್ಕೆ. ಪ್ಯಾರಾಕ್ಸೈಲೀನ್ ಕೂಡ ಹಾಗೆಯೇ. ಮಂಗಳೂರಿನಲ್ಲಿ ತಯಾರಾಗುತ್ತದಲ್ಲ, ಪಾಲಿಯೆಸ್ಟರ್ ಬಟ್ಟೆಗೆ ಮೂಲ ವಸ್ತು. ಅದರ ಸಮಾಂಗಿ ಮೆಟಾಕ್ಸೈಲೀನ್ ಕುದಿಯುವುದಕ್ಕೂ ಇದು ಕುದಿಯುವುದಕ್ಕೂ ಇರುವ ಅಂತರ ಒಂದೇ ಡಿಗ್ರಿ. ಬಟ್ಟಿ ಇಳಿಸಿ ಬೇರೆ ಮಾಡಲಾಗದು. ತಣ್ಣಗೆ ಮಾಡಿದರೆ ಸಮಮಿತಿಯ ಪ್ಯಾರಾ 13 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಮೆಟಾ ಮೈನಸ್ 48ರವರೆಗೆ ದ್ರವ. ಕಾರ್ಖಾನೆಗಳು ಹರಳು ಕಟ್ಟಿಸಿ ಬೇರ್ಪಡಿಸಿದ್ದು ಈ ನಿಯಮದ ಬಲದಿಂದ.

ಅತ್ತೆ: ನಿಯಮ ಸರಿ. ಅದಕ್ಕೆ ಕೊಡುವ ಕಾರಣ ಏನು?

ಅಳಿಯ: ಸಮಮಿತಿ ಇದ್ದರೆ ಹರಳಿನಲ್ಲಿ ಒತ್ತಾಗಿ ಕೂರುತ್ತದೆ, ಹಿಡಿತ ಬಿಗಿ, ಕರಗಲು ಹೆಚ್ಚು ಶಾಖ ಬೇಕು. ಹೆಚ್ಚಿನ ಪಠ್ಯಪುಸ್ತಕಗಳಲ್ಲಿ ಹೀಗೇ ಇದೆ.

ಅತ್ತೆ: ಹಾಗಾದರೆ ಪೆಂಟೇನ್ ನೋಡೋಣ. ಐದು ಇಂಗಾಲ, ಮೂರು ಸಮಾಂಗಿಗಳು. ನೆಟ್ಟಗಿನ ಪೆಂಟೇನ್ ಮೈನಸ್ 130ಕ್ಕೆ ಕರಗುತ್ತದೆ. ಒಂದು ಕೊಂಬೆ ಬಂದ ಐಸೊಪೆಂಟೇನ್ ಮೈನಸ್ 160. ನಾಲ್ಕೂ ದಿಕ್ಕಿಗೆ ಸಮನಾಗಿ ಚಾಚಿದ ನಿಯೋಪೆಂಟೇನ್ ಮೈನಸ್ 17. ನಿನ್ನ ಕಾರಣದ ಪ್ರಕಾರ ನಿಯೋಪೆಂಟೇನಿನ ಹಿಡಿತ ಎಲ್ಲಕ್ಕಿಂತ ಬಿಗಿ ಇರಬೇಕು. ಕರಗಿಸಲು ಬೇಕಾಗುವ ಶಾಖವನ್ನು ಅಳೆದಿದ್ದಾರೆ. ಒಂದು ಮೋಲ್‌ಗೆ ನೆಟ್ಟಗಿನ ಪೆಂಟೇನಿಗೆ 8.4 ಕಿಲೋಜೂಲ್. ನಿಯೋಪೆಂಟೇನಿಗೆ ಎಷ್ಟು?

ಅಳಿಯ: ಹೆಚ್ಚು ಇರಬೇಕಿತ್ತು. ಸುಮಾರು 3.2.

ಅತ್ತೆ: ಅರ್ಧಕ್ಕಿಂತ ಕಡಿಮೆ! ಕಡಿಮೆ ಶಾಖ ಸಾಕು, ಆದರೂ ನೂರಕ್ಕಿಂತ ಹೆಚ್ಚು ಡಿಗ್ರಿ ಮೇಲೆ ಹೋಗಬೇಕು. ‘ಬಿಗಿಯಾಗಿ ಹಿಡಿದಿದೆ’ ಎನ್ನುವ ಕಾರಣ ಇಲ್ಲಿ ನಿಲ್ಲುವುದಿಲ್ಲ.

ಅಳಿಯ: ನಿಲ್ಲುವುದಿಲ್ಲ, ನಿಜ. ಆದರೆ ಅದು ಬಿದ್ದ ಕಡೆಯೇ ನನಗೆ ಹೆಚ್ಚು ಇಷ್ಟವಾದ ವಿವರಣೆ ಸಿಗುತ್ತದೆ. ಕರಗುವ ಬಿಂದು ಒಂದು ಭಾಗಾಕಾರ ಅತ್ತೆ. ಮೇಲೆ, ಹರಳನ್ನು ಬಿಡಿಸಲು ಕೊಡಬೇಕಾದ ಶಾಖ. ಕೆಳಗೆ, ಬಿಡುಗಡೆಯಾದ ಅಣುವಿಗೆ ಹೊಸದಾಗಿ ಸಿಗುವ ಚಲನೆಯ ಸ್ವಾತಂತ್ರ್ಯ, ಅಂದರೆ ಎಂಟ್ರೊಪಿಯ ಏರಿಕೆ. ಮೇಲಿನದನ್ನು ಕೆಳಗಿನದರಿಂದ ಭಾಗಿಸಿದರೆ ಕೆಲ್ವಿನ್‌ನಲ್ಲಿ ಕರಗುವ ಬಿಂದು ಬರುತ್ತದೆ. ನೆಟ್ಟಗಿನ ಪೆಂಟೇನ್ ಕರಗಿದಾಗ ಬಾಗಬಹುದು, ತಿರುಚಬಹುದು, ಹೊರಳಬಹುದು. ಎಲ್ಲವೂ ಅದಕ್ಕೆ ಹೊಸತು. ಅದರ ಎಂಟ್ರೊಪಿ ಏರಿಕೆ ಮೋಲ್-ಕೆಲ್ವಿನ್‌ಗೆ ಸುಮಾರು 59 ಜೂಲ್. ನಿಯೋಪೆಂಟೇನಿಗೆ ಬರೀ 13ರ ಹತ್ತಿರ. ಕೆಳಗಿನ ಸಂಖ್ಯೆ ಅಷ್ಟು ಚಿಕ್ಕದಾದಾಗ ಮೇಲಿನದು ಕಡಿಮೆಯಿದ್ದರೂ ಭಾಗಲಬ್ಧ ದೊಡ್ಡದಾಗುತ್ತದೆ.

ಅತ್ತೆ: ಯಾಕೆ ಅದಕ್ಕೆ ಅಷ್ಟು ಕಡಿಮೆ ಸ್ವಾತಂತ್ರ್ಯ ಸಿಗುತ್ತದೆ?

ಅಳಿಯ: ಅದಕ್ಕೆ ಆ ಸ್ವಾತಂತ್ರ್ಯ ಹರಳಿನಲ್ಲಿದ್ದಾಗಲೇ ಸಿಕ್ಕಿಬಿಟ್ಟಿದೆ. ಮೈನಸ್ 133 ಡಿಗ್ರಿ ದಾಟಿದ ಕೂಡಲೇ ನಿಯೋಪೆಂಟೇನಿನ ಅಣುಗಳು ತಮ್ಮ ತಮ್ಮ ಜಾಗ ಬಿಡದೆ, ಇದ್ದಲ್ಲೇ ಎಲ್ಲ ದಿಕ್ಕಿಗೂ ಹೊರಳಲು ಶುರು ಮಾಡುತ್ತವೆ. ಗುಂಡಗಿನ ಅಣು, ಹೊರಳಿದರೆ ಪಕ್ಕದವಕ್ಕೆ ತೊಂದರೆಯಿಲ್ಲ. ಹೊರಗಿನಿಂದ ಅದು ಗಟ್ಟಿ, ಒಳಗೆ ಅಣುಗಳು ದ್ರವದಲ್ಲಿದ್ದಷ್ಟೇ ಹೊರಳಾಡುತ್ತಿರುತ್ತವೆ. ಕರಗುವಾಗ ಹೊಸದಾಗಿ ಸಿಗುವುದು ಜಾಗ ಬಿಟ್ಟು ಹೋಗುವ ಅವಕಾಶ ಒಂದೇ.

ಅತ್ತೆಯ ಮುಖ ಈ ಮಾತಿಗೆ ಅರಳಿತು. ಅವರು ದೇವರ ಗೂಡಿನ ಕಡೆ ಕೈ ತೋರಿಸಿದರು.

ಅತ್ತೆ: ಹಾಗಾದರೆ ಕರ್ಪೂರದ ವಿಷಯ ಮಾತಾಡಬೇಕು. ನಮ್ಮ ಕಾಲದಲ್ಲಿ ಹೊಸ ಸಂಯುಕ್ತದ ಅಣುತೂಕ ಕಂಡುಹಿಡಿಯಲು ಕರ್ಪೂರದಲ್ಲಿ ಬೆರೆಸಿ ಕರಗಿಸುತ್ತಿದ್ದೆವು. ರಾಸ್ಟ್ ವಿಧಾನ ಎನ್ನುತ್ತಾರೆ. ಬೇರೆ ವಸ್ತು ಬೆರೆತರೆ ಕರಗುವ ಬಿಂದು ಇಳಿಯುತ್ತದೆ, ಎಷ್ಟು ಇಳಿಯಿತು ಎಂದು ನೋಡಿ ಲೆಕ್ಕ ಹಾಕುವುದು. ಅಷ್ಟೇ ಪ್ರಮಾಣ ಬೆರೆಸಿದರೆ ನೀರಿನಲ್ಲಿ 1.86 ಡಿಗ್ರಿ ಇಳಿಯುವ ಕಡೆ ಕರ್ಪೂರದಲ್ಲಿ 40ರ ಹತ್ತಿರ ಇಳಿಯುತ್ತದೆ. ಸಾದಾ ಥರ್ಮಾಮೀಟರ್ ಸಾಕು. ಅದಕ್ಕೆ ಕಾರಣ ನೀನೀಗ ಹೇಳಿದ್ದೇ. ಕರ್ಪೂರ ಕರಗಲು ಬೇಕಾಗುವ ಶಾಖ ತೀರಾ ಕಡಿಮೆ, ಆದರೆ ಕರಗುವುದು 175 ಡಿಗ್ರಿಗೂ ಮೇಲೆ. ಆರತಿ ತಟ್ಟೆಯಲ್ಲಿ ಬಿಲ್ಲೆಯಾಗಿ ಕೂತಿರುವಾಗಲೂ ಅದರೊಳಗಿನ ಅಣುಗಳು ಹೊರಳಾಡುತ್ತಲೇ ಇರುತ್ತವೆ. ಬೆರಳಲ್ಲಿ ಒತ್ತಿದರೆ ಸಕ್ಕರೆ ಹರಳಿನಂತೆ ಪಟ್ಟೆಂದು ಒಡೆಯದೆ ಮೇಣದಂತೆ ಬಿಟ್ಟುಕೊಡುವುದು ಅದಕ್ಕೇ.

ಅಳಿಯ: ಇದು ನನ್ನ ಪಕ್ಷಕ್ಕೇ ಸಾಕ್ಷಿ.

ಅತ್ತೆ: ಪೂರ್ತಿ ಅಲ್ಲ. ಕಾರ್ನೆಲಿ ಸಮಮಿತಿ ಎಂದರು. ಕರ್ಪೂರದ ಅಣುವಿನಲ್ಲಿ ಸಮಮಿತಿ ಎಲ್ಲಿದೆ? ಎಲ್ಲಿ ಸೀಳಿದರೂ ಎರಡು ಸಮ ಭಾಗ ಬರುವುದಿಲ್ಲ. ಎಡಗೈ-ಬಲಗೈಯಂತೆ ಎರಡು ರೂಪಗಳಿವೆ. ಆದರೂ ಹತ್ತು ಇಂಗಾಲದ ಇದು ಕರಗುವುದು 175ರ ಮೇಲೆ, ಹತ್ತೇ ಇಂಗಾಲದ ನೆಟ್ಟಗಿನ ಡೆಕೇನ್ ಮೈನಸ್ 30ಕ್ಕೆ. ಕೆಲಸ ಮಾಡಿದ್ದು ಸಮಮಿತಿ ಅಲ್ಲ, ಹೊರಳಲು ಬಿಡುವ ದುಂಡು. ನಿಯಮದ ಮಾತೇ ಬೇರೆ, ಅದರ ಹಿಂದಿರುವ ಕೆಲಸವೇ ಬೇರೆ.

ಅಳಿಯ: ಹಾಗಾದರೆ ನಿಯಮ ತಿದ್ದೋಣ, ‘ದುಂಡಗಿರುವುದೂ, ಸಮಮಿತಿಯದೂ ಮೇಲೆ ಕರಗುತ್ತವೆ, ಯಾಕೆಂದರೆ ಅವಕ್ಕೆ ಸಿಗುವ ಎಂಟ್ರೊಪಿ ಕಡಿಮೆ’ ಎಂದು.

ಅತ್ತೆ: ಅದೂ ನಿಲ್ಲುವುದಿಲ್ಲ. ಬೆಂಜೀನ್ 5.5 ಡಿಗ್ರಿಗೆ ಕರಗುತ್ತದೆ. ಅದರ ಉಂಗುರಕ್ಕೆ ಒಂದು ಮೀಥೈಲ್ ಗುಂಪು ಸೇರಿಸಿ, ಟಾಲೂಯಿನ್ ಆಯಿತು. ಭಾರ ಹೆಚ್ಚಿತು, ಕುದಿಯುವ ಬಿಂದು 80ರಿಂದ 110ಕ್ಕೆ ಏರಿತು. ಕರಗುವ ಬಿಂದು ಮಾತ್ರ ಮೈನಸ್ 95ಕ್ಕೆ ಬಿತ್ತು. ಈಗ ನಿನ್ನ ಭಾಗಾಕಾರ ಮಾಡು. ಬೆಂಜೀನಿಗೆ ಬೇಕಾಗುವ ಶಾಖ 9.9, ಟಾಲೂಯಿನ್‌ಗೆ 6.6 ಕಿಲೋಜೂಲ್.

ಅಳಿಯ: ಬೆಂಜೀನಿನ ಎಂಟ್ರೊಪಿ ಏರಿಕೆ 35, ಟಾಲೂಯಿನ್‌ದು 37. ಹೆಚ್ಚುಕಡಿಮೆ ಒಂದೇ.

ಅತ್ತೆ: ಅಂದರೆ ಇಲ್ಲಿ ಬದಲಾದದ್ದು ಮೇಲಿನ ಸಂಖ್ಯೆ. ಮೀಥೈಲ್ ಗುಂಪು ಹರಳಿನ ಜೋಡಣೆಯನ್ನೇ ಕೆಡಿಸಿತು, ಹಿಡಿತ ಸಡಿಲವಾಯಿತು. ಪೆಂಟೇನಿನಲ್ಲಿ ಪಠ್ಯಪುಸ್ತಕದ ಕಾರಣ ಬಿತ್ತು, ನಿನ್ನದು ನಿಂತಿತು. ಬೆಂಜೀನಿನಲ್ಲಿ ಪಠ್ಯಪುಸ್ತಕದ್ದು ನಿಂತಿತು, ನಿನ್ನದು ಬಿತ್ತು. ಎರಡೂ ಕಡೆ ನಿಯಮ ಒಂದೇ ಮಾತು ಹೇಳಿತ್ತು. ಒಂದು ಅಣುವಿನ ಚಿತ್ರ ನೋಡಿ, ಇದರಲ್ಲಿ ಮೇಲಿನ ಸಂಖ್ಯೆ ಕೆಲಸ ಮಾಡುತ್ತದೋ ಕೆಳಗಿನದೋ ಎಂದು ಮೊದಲೇ ಹೇಳಬಲ್ಲೆಯಾ?

ಅಳಿಯ: ಎಲ್ಲ ಸಲ ಇಲ್ಲ. ಆದರೆ ಅನೇಕ ಸಲ ಹೌದು. ಹೈಡ್ರೋಜನ್ ಬಂಧ ಇರುವ ಕಡೆ ಖಂಡಿತ. ನೀವು ಪ್ರಯೋಗಶಾಲೆಯಲ್ಲಿ ನೈಟ್ರೋಫಿನಾಲ್ ಬೇರೆ ಮಾಡಿಸುತ್ತಿದ್ದಿರಿ. ಆರ್ಥೋ ರೂಪದಲ್ಲಿ ಹೈಡ್ರಾಕ್ಸಿಲ್ ಪಕ್ಕದಲ್ಲೇ ನೈಟ್ರೋ ಗುಂಪು ಕೂತಿರುವುದರಿಂದ ಹೈಡ್ರೋಜನ್ ತನ್ನ ಅಣುವಿನೊಳಗೇ ಬಂಧ ಮಾಡಿಕೊಳ್ಳುತ್ತದೆ, ನೆರೆಯ ಅಣುವಿಗೆ ಕೊಡಲು ಏನೂ ಉಳಿಯುವುದಿಲ್ಲ. 45 ಡಿಗ್ರಿಗೆ ಕರಗುತ್ತದೆ, ನೀರಾವಿಯ ಜೊತೆ ಎದ್ದು ಬರುತ್ತದೆ. ಪ್ಯಾರಾ ರೂಪದಲ್ಲಿ ಎರಡೂ ಗುಂಪು ಎದುರುಬದುರು, ಬಂಧ ನೆರೆಯವರ ಜೊತೆಗೇ. 114ಕ್ಕೆ ಕರಗುತ್ತದೆ, ಫ್ಲಾಸ್ಕಿನಲ್ಲೇ ಉಳಿಯುತ್ತದೆ. ಮೆಲೇಯಿಕ್ ಆಮ್ಲ 135ರ ಆಸುಪಾಸು, ಅದೇ ಅಣುಸೂತ್ರದ ಫ್ಯುಮಾರಿಕ್ 287. ಇಷ್ಟು ದೊಡ್ಡ ಅಂತರವನ್ನು ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿ ಚಿತ್ರ ನೋಡಿ ಯಾವ ಕಡೆಗೆಂದು ಸರಿಯಾಗಿ ಹೇಳುತ್ತಾನೆ. ಹರಳು ನೋಡದೆ.

ಅತ್ತೆ: ಹೇಳುತ್ತಾನೆ. ನಾನು ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಿದ್ದೆ. ಯಾವ ಕಡೆಗೆ ಎಂದು ಹೇಳುತ್ತಾನೆ, ಎಷ್ಟು ಎಂದು ಹೇಳಲಾರ. ನಿನ್ನ ಕಂಪ್ಯೂಟರ್ ಎಷ್ಟು ಎಂದು ಹೇಳುತ್ತದೆಯಾ?

ಅಳಿಯ: ಹೇಳುತ್ತದೆ. ಹೊಸ ಅಣುವಿಗೆ ಹಲವು ಹತ್ತು ಡಿಗ್ರಿ ಆಚೀಚೆ ಆಗುವುದು ಸಾಮಾನ್ಯ. ಕುದಿಯುವ ಬಿಂದುವನ್ನು ಇದಕ್ಕಿಂತ ಎಷ್ಟೋ ಚೆನ್ನಾಗಿ ಹೇಳುತ್ತದೆ.

ಅತ್ತೆ: ಯಾಕೆಂದರೆ ಕುದಿಯುವಾಗ ಬಿಟ್ಟುಬರುವುದು ದ್ರವವನ್ನು. ಎಲ್ಲ ದ್ರವಗಳೂ ಒಂದೇ ಥರ ಅವ್ಯವಸ್ಥಿತ. ಕರಗುವಾಗ ಬಿಟ್ಟುಬರುವುದು ಹರಳನ್ನು, ಒಂದೊಂದು ಹರಳಿಗೆ ಒಂದೊಂದು ಜೋಡಣೆ. ಒಂದೇ ವಸ್ತುವಿಗೂ ಒಂದೇ ಜೋಡಣೆ ಎಂದಿಲ್ಲ. ಚಾಕೊಲೇಟಿನ ಕೊಕೊ ಬೆಣ್ಣೆಗೆ ಆರು ಹರಳು ರೂಪಗಳನ್ನು 1966ರಲ್ಲಿ ವಿಲ್ಲೆ ಮತ್ತು ಲಟನ್ ಗುರುತಿಸಿದರು. ಮೊದಲನೆಯದು 17 ಡಿಗ್ರಿಗೇ ಕರಗುತ್ತದೆ, ಆರನೆಯದು 36ಕ್ಕೆ. ಒಳ್ಳೆಯ ಚಾಕೊಲೇಟಿಗೆ ಬೇಕಾದದ್ದು ಐದನೆಯದು. ಅದು 34ರ ಹತ್ತಿರ ಕರಗುತ್ತದೆ, ಕೈಯಲ್ಲಿ ಗಟ್ಟಿ, ಬಾಯಲ್ಲಿ ನೀರು. ಅಣುಗಳು ಆರರಲ್ಲೂ ಅವೇ. ತಯಾರಕರು ಬಿಸಿ ಮಾಡಿ, ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡಿ ಐದನೆಯದನ್ನೇ ಬರಿಸುತ್ತಾರೆ. ಇಟ್ಟು ಮರೆತರೆ ಅದು ನಿಧಾನವಾಗಿ ಆರನೆಯದಾಗಿ ಮೇಲೆ ಬೂದುಬಣ್ಣ ಏಳುತ್ತದೆ. ಈಗ ಹೇಳು, ಚಿತ್ರ ಒಂದು, ಕರಗುವ ಬಿಂದು ಆರು. ನಿನ್ನ ಮಾದರಿ ಯಾವುದನ್ನು ಹೇಳಬೇಕು?

ಅಳಿಯ: ಇದು ನಿಜಕ್ಕೂ ಕಷ್ಟದ ಪ್ರಶ್ನೆ. 1988ರಲ್ಲೇ ‘ನೇಚರ್’ ಪತ್ರಿಕೆಯ ಸಂಪಾದಕ ಜಾನ್ ಮ್ಯಾಡಕ್ಸ್, ಸಂಯೋಜನೆ ಗೊತ್ತಿದ್ದರೂ ಸರಳವಾದ ಹರಳಿನ ರಚನೆಯನ್ನೂ ಮುಂಚಿತವಾಗಿ ಹೇಳಲಾಗದಿರುವುದು ಭೌತವಿಜ್ಞಾನಗಳ ಒಂದು ಹಗರಣ ಎಂಬರ್ಥದಲ್ಲಿ ಬರೆದಿದ್ದರು. ಆದರೆ ಆಮೇಲೆ ಕೈಕಟ್ಟಿ ಕೂತಿಲ್ಲ. 1999ರಿಂದ ಕೇಂಬ್ರಿಜ್‌ನ ಹರಳು ದತ್ತಾಂಶ ಕೇಂದ್ರ ಬಹಿರಂಗ ಪರೀಕ್ಷೆ ನಡೆಸುತ್ತಾ ಬಂದಿದೆ. ಚಿತ್ರ ಮಾತ್ರ ಕೊಡುತ್ತಾರೆ, ಹರಳನ್ನು ಮುಚ್ಚಿಡುತ್ತಾರೆ, ಜಗತ್ತಿನ ತಂಡಗಳು ಲೆಕ್ಕ ಹಾಕಿ ಹೇಳಬೇಕು. ಮೊದಮೊದಲು ಚಿಕ್ಕ ಅಣುಗಳಿಗೇ ಸೋಲು. ಈಗ ಔಷಧದಷ್ಟು ದೊಡ್ಡ, ಬಾಗುವ ಅಣುಗಳನ್ನೂ ಸರಿಯಾಗಿ ಹೇಳಿದ ತಂಡಗಳಿವೆ. ಮುಂದೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಗೌತಮ್ ದೇಸಿರಾಜು 1989ರಲ್ಲಿ ಹರಳು ಎಂಜಿನಿಯರಿಂಗ್ ಬಗ್ಗೆ ಪುಸ್ತಕವನ್ನೇ ಬರೆದರು. ಯಾವ ಗುಂಪು ಯಾವ ಗುಂಪಿನ ಜೊತೆ ಹೇಗೆ ಜೋಡಿಯಾಗುತ್ತದೆ ಎಂಬ ಮಾದರಿಗಳು ಮತ್ತೆ ಮತ್ತೆ ಬರುತ್ತವೆ, ಅವನ್ನು ಬಳಸಿ ಬೇಕಾದ ಹರಳು ಕಟ್ಟಬಹುದು ಎಂದು ತೋರಿಸಿದರು. ಹರಳು ಅಣುವಿನ ಮಾತು ಕೇಳುತ್ತದೆ ಅತ್ತೆ.

ಅತ್ತೆ: ಕೇಳುತ್ತದೆ, ಅದು ನಿಜ. ಆದರೆ ಒಂದು ಅಣುವಿನ ಮಾತು ಒಂದೇ ಆಗಿರುವುದಿಲ್ಲ. ಲೆಕ್ಕ ಹಾಕಿದರೆ ಹತ್ತಾರು ಜೋಡಣೆಗಳು ಶಕ್ತಿಯಲ್ಲಿ ಒಂದಕ್ಕೊಂದು ತೀರಾ ಹತ್ತಿರ ಬರುತ್ತವೆ. ಅವುಗಳಲ್ಲಿ ಯಾವುದು ನಿಜಕ್ಕೂ ಹುಟ್ಟುತ್ತದೆ ಎನ್ನುವುದು ಯಾವ ದ್ರಾವಕ, ಎಷ್ಟು ಬೇಗ ತಣಿಸಿದೆ, ಬೀಜವಾಗಿ ಏನು ಬಿತ್ತು ಎನ್ನುವುದರ ಮೇಲೆ ಹೋಗುತ್ತದೆ. ಅಷ್ಟಾಗಿ ನಿನಗೆ ಈ ಸಂಖ್ಯೆ ಯಾತಕ್ಕೆ ಬೇಕು? ಮಾತ್ರೆಯನ್ನು ಯಾರೂ ಕರಗಿಸಿ ಕುಡಿಯುವುದಿಲ್ಲ.

ಅಳಿಯ: ನೀರಿಗಾಗಿ ಬೇಕು. ಔಷಧ ಹೊಟ್ಟೆಯಲ್ಲಿ ವಿಲೀನವಾಗಬೇಕಾದರೆ ಮೊದಲು ಅದರ ಹರಳು ಬಿಡಬೇಕು. ಯಾಲ್ಕೋವ್ಸ್ಕಿ ಎಂಬವರು ಕೊಟ್ಟ ಸೂತ್ರವನ್ನು ನಾವು ದಿನಾ ಬಳಸುತ್ತೇವೆ: ಉಳಿದದ್ದೆಲ್ಲ ಒಂದೇ ಆಗಿದ್ದರೆ ಕರಗುವ ಬಿಂದು 100 ಡಿಗ್ರಿ ಏರಿದಾಗ ನೀರಿನಲ್ಲಿ ವಿಲೀನವಾಗುವ ಪ್ರಮಾಣ ಹತ್ತನೇ ಒಂದಕ್ಕೆ ಇಳಿಯುತ್ತದೆ. ರೋಗದ ಮೇಲೆ ಚೆನ್ನಾಗಿ ಕೆಲಸ ಮಾಡುವ ಒಂದು ಅಣು ಸಿಕ್ಕಿತು ಎಂದುಕೊಳ್ಳಿ. ಚಪ್ಪಟೆ, ಸಮಮಿತಿಯದು, 250ರಲ್ಲೂ ಕರಗದು. ನುಂಗಿದರೆ ಬಂದ ಹಾಗೇ ಹೊರಗೆ ಹೋಗುತ್ತದೆ. ಆಗ ನಾವು ಮಾಡುವುದು ಸಮಮಿತಿ ಮುರಿಯುವುದು. ಎರಡು ಉಂಗುರ ಸೇರುವ ಕಡೆ ಪಕ್ಕದಲ್ಲಿ ಒಂದು ಮೀಥೈಲ್ ಇಟ್ಟರೆ ಉಂಗುರಗಳು ಒಂದೇ ಸಮತಲದಲ್ಲಿ ಮಲಗಲಾರದೆ ತಿರುಚಿಕೊಳ್ಳುತ್ತವೆ, ಹರಳು ಸಡಿಲವಾಗುತ್ತದೆ. ಜಪಾನಿನ ಇಶಿಕಾವಾ ಮತ್ತು ಹಾಶಿಮೊಟೊ 2011ರಲ್ಲಿ ಇಂಥ ಅನೇಕ ಉದಾಹರಣೆಗಳನ್ನು ಒಟ್ಟುಹಾಕಿ ತೋರಿಸಿದರು. ನನಗೆ ಸಂಖ್ಯೆ ಕರಾರುವಾಕ್ಕಾಗಿ ಬೇಡ. ಇಳಿಯುತ್ತದೋ ಏರುತ್ತದೋ ಎಂದು ತಿಳಿದರೆ ಒಬ್ಬ ರೋಗಿಗೆ ಔಷಧ ಒಂದು ವರ್ಷ ಮೊದಲು ಸಿಗಬಹುದು.

ಅತ್ತೆ: ಅದು ದೊಡ್ಡ ವಿಷಯ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಆದರೆ ಮೀಥೈಲ್ ಇಟ್ಟರೆ ಇಳಿಯುತ್ತದೆ ಎಂದು ನಂಬಬೇಡ. ಬೆಂಜೀನಿಗೆ ಒಂದು ಮೀಥೈಲ್ ಇಟ್ಟಾಗ ನೂರು ಡಿಗ್ರಿ ಇಳಿಯಿತು. ಎದುರು ಬದಿಯಲ್ಲಿ ಇನ್ನೊಂದು ಇಟ್ಟಾಗ ನೂರಕ್ಕಿಂತ ಹೆಚ್ಚು ಏರಿ ಪ್ಯಾರಾಕ್ಸೈಲೀನ್ 13ಕ್ಕೆ ಬಂತು, ಬೆಂಜೀನಿಗಿಂತಲೂ ಮೇಲೆ.

ಅಳಿಯ: ಎಲ್ಲಿ ಇಡಬೇಕು ಎಂದು ಆರಿಸುವುದೇ ನನ್ನ ಕೆಲಸ. ನಲವತ್ತು ಜಾಗ ಸಾಧ್ಯವಿದ್ದರೆ ಮಾದರಿ ನಾಲ್ಕನ್ನು ಮುಂದಿಡುತ್ತದೆ. ಪ್ರಯೋಗಶಾಲೆಯವರು ನಾಲ್ಕನ್ನೇ ತಯಾರಿಸುತ್ತಾರೆ, ನಲವತ್ತನ್ನಲ್ಲ.

ಅತ್ತೆ: ಆ ನಾಲ್ಕರ ಕರಗುವ ಬಿಂದು?

ಅಳಿಯ: ಅಳೆದೇ ನೋಡುತ್ತೇವೆ, ನೀವು ಕಲಿಸಿದ ಹಾಗೆ.

ಅತ್ತೆ: ಮಾದರಿ ಬಿಟ್ಟ ಮೂವತ್ತಾರನ್ನು?

ಅಳಿಯ: ಯಾರೂ ತಯಾರಿಸುವುದಿಲ್ಲ.

ಅತ್ತೆ: ಹಾಗಾದರೆ ಮಾದರಿ ಎಲ್ಲಿ ತಪ್ಪಿತು ಎಂದು ಯಾವತ್ತೂ ಗೊತ್ತಾಗುವುದಿಲ್ಲ. ಪ್ರೋಪೇನಿನಂಥದ್ದು, ಕರ್ಪೂರದಂಥದ್ದು ಆ ಮೂವತ್ತಾರರಲ್ಲೇ ಇರುತ್ತದೆ. ಪ್ರತಿ ಸಲ ಅದರಲ್ಲಿ ಒಂದನ್ನಾದರೂ ಮಾಡಿಸಿ ಅಳೆ.

ಅಳಿಯ: ಒಂದಕ್ಕೆ ಖರ್ಚು ಮಾಡಬಹುದು, ಒಪ್ಪಿದೆ. ಯಾವುದು ಎಂದು ಮಾದರಿಯಿಂದಲೇ ಆರಿಸುತ್ತೇನೆ, ಅದಕ್ಕೆ ಹೆಚ್ಚು ಅನುಮಾನ ಇರುವುದನ್ನು.

ಅತ್ತೆ: ಬೇಡ. ತನಗೆ ಎಲ್ಲಿ ಅನುಮಾನ ಬರಬೇಕು ಎನ್ನುವುದೂ ಅದಕ್ಕೆ ಗೊತ್ತಿರುವುದರಿಂದಲೇ ಬಂದದ್ದು. ಚೀಟಿ ಬರೆದು ಎತ್ತು.